ಕಬ್ಬಿಣದ ಹಾವಿಗೆ ಹುಣಸೆಹಣ್ಣು ಬೇಡ

ಪ್ರಶ್ನೆ: ನಮ್ಮ ಐನ್‌ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಮೊಳದುದ್ದದ ಕಬ್ಬಿಣದ ಹಾವೊಂದು ಸಿಕ್ಕಿದೆ. ಕೈಗೆತ್ತಿಕೊಂಡರೆ ಜೀವಂತ ಹಾವಿನಂತೆಯೇ ಸುರುಳಿಯಾಗುತ್ತದೆ. ಕಾಫಿ ತೋಟದ ದೊರೆಯೊಬ್ಬರು ಸ್ವದೇಶಕ್ಕೆ ಮರಳುವಾಗ ಮುತ್ತಜ್ಜನಿಗೆ ಕೊಟ್ಟ ಜಪಾನಿನ ವಸ್ತುವೆಂದು ಹಿರಿಯರು ಹೇಳುತ್ತಾರೆ. ಮೈ ಕಪ್ಪಾಗಿದೆ, ಬಾಲದ ಬಳಿ ಒಂದು ಕೀಲು ಸಡಿಲವಾಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಸುಗೆ ಹಾಕಿಸಬಹುದೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ದಯವಿಟ್ಟು ಎರಡನ್ನೂ ಮಾಡಬೇಡಿ. ನಿಮ್ಮ ವಿವರಣೆಯಂತಿದ್ದರೆ ಅದು ಜಪಾನೀಯರು ‘ಜಿಝಾಯ್ ಒಕಿಮೊನೊ’ ಎನ್ನುವ, ಬೇಕಾದಂತೆ ಆಡಿಸಬಹುದಾದ ಅಲಂಕಾರದ ಲೋಹಶಿಲ್ಪವಾಗಿರಬಹುದು. ಯೋಧರಿಗೆ ಕವಚ, ಶಿರಸ್ತ್ರಾಣಗಳನ್ನು ಮಾಡಿಕೊಡುತ್ತಿದ್ದ ಮ್ಯೋಚಿನ್ ಮನೆತನದ ಕಮ್ಮಾರರು, ಎದೊ ಕಾಲದಲ್ಲಿ (1603–1868) ಯುದ್ಧಗಳು ನಿಂತು ಕವಚ ಕೇಳುವವರು ಕಡಿಮೆಯಾದಾಗ, ತಗಡು ಬಡಿದು ರಿವೆಟ್‌ನಿಂದ ಜೋಡಿಸುವ ಅದೇ ವಿದ್ಯೆಯಿಂದ ಡ್ರ್ಯಾಗನ್, ಹಾವು, ಏಡಿ, ಮಿಡತೆಗಳನ್ನು ಮಾಡತೊಡಗಿದರು. ಇಸವಿ ಕೆತ್ತಿರುವವುಗಳಲ್ಲಿ ನಮಗೆ ತಿಳಿದಿರುವ ಅತಿ ಹಳೆಯದು ಮ್ಯೋಚಿನ್ ಮುನೆಆಕಿ 1713ರಲ್ಲಿ ಮಾಡಿದ ಡ್ರ್ಯಾಗನ್, ಅದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. 1876ರಲ್ಲಿ ಅಲ್ಲಿನ ಸರ್ಕಾರ ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನೇ ನಿಷೇಧಿಸಿತು. ಮದುವೆಯಲ್ಲಿ ಇಂದಿಗೂ ಪೀಚೆಕತ್ತಿ ಸಿಕ್ಕಿಸಿ ಒಡಿಕತ್ತಿಯಿಂದ ಬಾಳೆ ಕಡಿಯುವ ಕೊಡಗಿನವರಿಗೆ, ಆ ಆಜ್ಞೆ ಎಷ್ಟು ಕುಲುಮೆಗಳನ್ನು ತಣ್ಣಗಾಗಿಸಿರಬೇಕೆಂದು ವಿವರಿಸಬೇಕಿಲ್ಲ. ಆಮೇಲೆ ಲೋಹದ ಕುಶಲಿಗಳು ವಿದೇಶಿ ಗಿರಾಕಿಗಳನ್ನು ನೆಚ್ಚಿಕೊಂಡರು, ಕ್ಯೋಟೊದ ತಕಾಸೆ ಕೋಝಾನ್‌ರ ಕಾರ್ಯಾಗಾರದಿಂದ ಇಂಥ ಎಷ್ಟೋ ವಸ್ತುಗಳು ಹೊರದೇಶಗಳಿಗೆ ಹೋದವು.

ಹಾವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಒಳ್ಳೆಯ ಕೆಲಸವಾದರೆ ಟೊಳ್ಳಾದ ಉಂಗುರಗಳು ಒಂದರೊಳಗೊಂದು ಸೇರಿ, ಬಾಲದ ಕಡೆಗೆ ಕಿರಿದಾಗುತ್ತಾ ಹೋಗುತ್ತವೆ. ಪೊರೆಯ ಗೆರೆಗಳು ಉಂಗುರದಿಂದ ಉಂಗುರಕ್ಕೆ ತಪ್ಪದೆ ಕೂಡಿಕೊಳ್ಳುತ್ತವೆ. ದವಡೆಯ ಅಡಿಯನ್ನೂ ಪರೀಕ್ಷಿಸಿ, ಕುಶಲಿಯ ಹೆಸರನ್ನು ಅಲ್ಲಿ ಕೆತ್ತುವುದುಂಟು. ಆದರೆ ಹೆಸರಿದ್ದ ಮಾತ್ರಕ್ಕೆ ಅಸಲಿಯೆಂದು ನಂಬಬೇಡಿ, ಇಲ್ಲದಿದ್ದರೆ ನಕಲಿಯೆಂದು ಕೈಬಿಡಲೂ ಬೇಡಿ.

ಆ ಕಪ್ಪು ಕೊಳೆಯಲ್ಲ, ಮಾಡಿದವರೇ ಬರಿಸಿದ ಮೇಲ್ಮೈ. ಹುಣಸೆಯ ಹುಳಿ ಅದನ್ನು ತಿಂದುಹಾಕುತ್ತದೆ, ಮತ್ತೆ ತರಲಾಗದು. ಬೆಸುಗೆ ಹಾಕಿದರೆ ಆ ಕೀಲು ಶಾಶ್ವತವಾಗಿ ನಿಂತುಹೋಗುತ್ತದೆ. ನಿಮ್ಮೂರಿನ ಜಡಿಮಳೆಯ ತಿಂಗಳುಗಳಲ್ಲಿ ಅಟ್ಟದಲ್ಲಿಡುವುದಂತೂ ಕೂಡದು. ಬೆವರಿನ ಉಪ್ಪೂ ಕಬ್ಬಿಣಕ್ಕೆ ತುಕ್ಕು ತರುವುದರಿಂದ ಹತ್ತಿಯ ಕೈಗವಸು ತೊಟ್ಟೇ ಮುಟ್ಟಿ, ಒಣ ಮೃದು ಕುಂಚದಿಂದ ಧೂಳು ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರು ನೋಡುವವರೆಗೆ ಅದನ್ನು ಸುರುಳಿ ಸುತ್ತದೆ, ಬಾಲಕ್ಕೆ ಆಸರೆಯಾಗಿ ಬಟ್ಟೆಯಿಟ್ಟು, ನೇರವಾಗಿ ಮಲಗಿಸಿಡಿ.