ಓದುಗರ ಪ್ರಶ್ನೆಗಳು: ಒಂದೇ ಕೊನೆಯ ಅಡಿಕೆ, ಬೇರೆ ಬೇರೆ ಮರ

ಈ ಬಾರಿ ಉತ್ತರ ಕನ್ನಡ ಜಿಲ್ಲೆಯಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ಒಂದೇ ಕಡೆಗೆ ಬಂದು ನಿಲ್ಲಬೇಕಾಗುತ್ತದೆ. ಅದು ಜೀವಿಗಳು ಲಿಂಗಾಣುಗಳನ್ನು, ಅಂದರೆ ವೀರ್ಯಾಣು ಅಂಡಾಣುಗಳನ್ನು, ತಯಾರಿಸುವಾಗ ನಡೆಯುವ ಮಿಯಾಸಿಸ್ ಎಂಬ ಕೋಶವಿಭಜನೆ. ಆದ್ದರಿಂದ ಅವುಗಳನ್ನು ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ತೋಟದಲ್ಲಿ ಪ್ರತಿವರ್ಷವೂ ಚೆನ್ನಾಗಿ ಫಸಲು ಕೊಡುವ, ಕೊಳೆ ರೋಗವೂ ಅಷ್ಟಾಗಿ ತಾಗದ ಒಂದು ಅಡಿಕೆ ಮರವಿದೆ. ಅದರ ಒಂದೇ ಕೊನೆಯಿಂದ (ಗೊಂಚಲಿನಿಂದ) ಹಣ್ಣಡಿಕೆ ಆರಿಸಿ ಸಸಿ ಮಾಡಿ ನೆಟ್ಟಿದ್ದೆವು. ಈಗ ಅವು ಫಲಕ್ಕೆ ಬಂದಿವೆ. ಕೆಲವು ತಾಯಿಮರದಂತೆಯೇ ಇವೆ, ಹೆಚ್ಚಿನವು ಸಾಧಾರಣ, ಒಂದೆರಡು ಏನಕ್ಕೂ ಬಾರದಂಥವು. ಒಂದೇ ಕೊನೆಯ ಬೀಜದಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಬೀಜ ಆರಿಸುವಲ್ಲಿ ನಾವು ತಪ್ಪಿದೆವೆ?
(ಅಡಿಕೆ ಬೆಳೆಗಾರರು, ಶಿರಸಿ ತಾಲೂಕು)

ಉತ್ತರ: ಆರಿಸುವಲ್ಲಿ ತಪ್ಪೇನೂ ಆಗಿಲ್ಲ. ಎಷ್ಟೇ ಒಳ್ಳೆಯ ತಾಯಿಮರವಾದರೂ ಅದು ತನ್ನನ್ನು ಇಡಿಯಾಗಿ ಯಾವ ಬೀಜಕ್ಕೂ ಕೊಡುವುದಿಲ್ಲ. ಕೊಡುವುದು ಅರ್ಧವನ್ನು ಮಾತ್ರ, ಮತ್ತು ಆ ಅರ್ಧ ಪ್ರತಿ ಬೀಜಕ್ಕೂ ಬೇರೆಯಾಗಿರುತ್ತದೆ.

ಅಡಿಕೆಯ ಎಲೆ, ಬೇರು, ಕಾಂಡದ ಪ್ರತಿಯೊಂದು ಜೀವಕೋಶದಲ್ಲೂ ವಂಶವಾಹಿಗಳನ್ನು ಹೊತ್ತ 32 ವರ್ಣತಂತುಗಳಿವೆ. ಅವು 16 ಜೊತೆಗಳಾಗಿ ಇರುತ್ತವೆ. ಪ್ರತಿ ಜೊತೆಯಲ್ಲಿ ಒಂದು ಆ ಮರದ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಮರ ಬೆಳೆಯುವಾಗ ಕೋಶ ಒಡೆದು ಎರಡಾದರೆ ಎರಡಕ್ಕೂ 32ರ ಪೂರ್ತಿ ಪ್ರತಿ ಸಿಗುತ್ತದೆ. ಹೂವಿನ ಒಳಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಪರಾಗವನ್ನೂ ಅಂಡಾಣುವನ್ನೂ ತಯಾರಿಸಬೇಕಾದ ಕೋಶಗಳು ಮಿಯಾಸಿಸ್‌ಗೆ ಒಳಗಾಗಿ, ಪ್ರತಿ ಜೊತೆಯಿಂದ ಒಂದನ್ನು ಮಾತ್ರ ಇಟ್ಟುಕೊಂಡು, 16 ವರ್ಣತಂತುಗಳ ಲಿಂಗಾಣುಗಳಿಗೆ ದಾರಿ ಮಾಡುತ್ತವೆ. ಯಾವ ಜೊತೆಯಿಂದ ಯಾವುದು ಹೋಗಬೇಕೆಂಬುದಕ್ಕೆ ನಿಯಮವಿಲ್ಲ, ಒಂದು ಜೊತೆಯ ಹಂಚಿಕೆ ಇನ್ನೊಂದರ ಹಂಚಿಕೆಯನ್ನು ಕೇಳುವುದೂ ಇಲ್ಲ. ಹೀಗೆ 16 ಜೊತೆಗಳಿಂದ ಆಗಬಹುದಾದ ಬಗೆಗಳು 65,536. ಒಂದು ಕೊನೆಯಲ್ಲಿ ಇನ್ನೂರು ಮುನ್ನೂರು ಅಡಿಕೆ ಇದ್ದರೆ ಅಷ್ಟೂ ಅಂಡಾಣುಗಳು ಬೇರೆ ಬೇರೆಯಾಗಿರುವುದೇ ಸಹಜ. ಎರಡು ಒಂದೇ ಆಗಿದ್ದರೆ ಅದು ಆಶ್ಚರ್ಯ. ವರ್ಣತಂತುಗಳು ತಮ್ಮೊಳಗೆ ತುಂಡು ಬದಲಾಯಿಸಿಕೊಳ್ಳುವ ಇನ್ನೊಂದು ಕ್ರಮವೂ (ಕ್ರಾಸಿಂಗ್ ಓವರ್) ಇರುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಇನ್ನು ತಂದೆಯ ಕಡೆ. ಹಾಳೆ ಕಳಚಿ ಬಿದ್ದಾಗ ಹೊರಬರುವ ಹಿಂಗಾರವನ್ನು ಹತ್ತಿರದಿಂದ ನೋಡಿ. ಎಳೆಗಳ ಉದ್ದಕ್ಕೂ ಅಕ್ಕಿಕಾಳಿನಂತೆ ಮುತ್ತಿಕೊಂಡಿರುವವು ಗಂಡು ಹೂಗಳು. ಎಳೆಗಳ ಬುಡದಲ್ಲಿ, ಎಣಿಸಬಹುದಾದಷ್ಟೇ ಇರುವ ದಪ್ಪ ಮೊಗ್ಗುಗಳು ಹೆಣ್ಣು ಹೂಗಳು. ಮೊದಲು ಗಂಡು ಹೂಗಳು ಹಲವು ದಿನ ಅರಳಿ ಉದುರುತ್ತವೆ, ಹೆಣ್ಣು ಹೂಗಳು ಬಾಯಿ ಬಿಡುವುದು ಆಮೇಲೆ. ಅಷ್ಟರಲ್ಲಿ ಅದೇ ಹಿಂಗಾರದ ಪರಾಗ ಮುಗಿದಿರುತ್ತದೆ. ಹಾಗಾಗಿ ನಿಮ್ಮ ಒಳ್ಳೆಯ ಮರದ ಬೀಜಕ್ಕೆ ತಂದೆಯಾಗಿರುವುದು ಹೆಚ್ಚಾಗಿ ಗಾಳಿಯಲ್ಲಿ ಪರಾಗ ಕಳಿಸಿದ ಯಾವುದೋ ಬೇರೆ ಮರ. ಅದು ನಿಮ್ಮದೂ ಇರಬಹುದು, ಬೇಲಿಯಾಚೆಯ ತೋಟದ್ದೂ ಇರಬಹುದು. ಒಂದೇ ಕೊನೆಯ ಕಾಯಿಗಳಿಗೂ ತಂದೆ ಬೇರೆ ಬೇರೆಯಾಗಿರಲು ಅಡ್ಡಿಯಿಲ್ಲ. ಆ ತಂದೆಮರದ ಒಂದೊಂದು ಪರಾಗವೂ ತನ್ನದೇ ಮಿಯಾಸಿಸ್‌ನಿಂದ ಬಂದು, ತನ್ನದೇ ಅರ್ಧವನ್ನು ಹೊತ್ತಿರುತ್ತದೆ.

ಇದನ್ನು ತಾಯಿಮರ ಆರಿಸುವುದೇ ವ್ಯರ್ಥ ಎಂದು ತಿಳಿಯಬಾರದು. ಇಳುವರಿಯಂಥ ಗುಣ ಒಂದೇ ವಂಶವಾಹಿಯ ಕೈಯಲ್ಲಿಲ್ಲ; ಅನೇಕ ವಂಶವಾಹಿಗಳು ಸ್ವಲ್ಪ ಸ್ವಲ್ಪವಾಗಿ ಅದನ್ನು ನಿರ್ಧರಿಸುತ್ತವೆ, ಜೊತೆಗೆ ಸೊಪ್ಪು, ಗೊಬ್ಬರ, ಬಸಿಗಾಲುವೆ, ಬಿಸಿಲು ಎಲ್ಲವೂ ಸೇರುತ್ತವೆ. ಒಳ್ಳೆಯ ಮರದ ಸಸಿಗಳ ಸರಾಸರಿ ತೋಟದ ಸರಾಸರಿಗಿಂತ ಮೇಲೆಯೇ ಇರುತ್ತದೆ, ಆದರೆ ತಾಯಿಮರದ ಮಟ್ಟಕ್ಕೆ ಮುಟ್ಟುವುದಿಲ್ಲ, ಮತ್ತು ಆ ಸರಾಸರಿಯ ಎರಡೂ ಬದಿಗೆ ಸಸಿಗಳು ಚದುರಿಕೊಂಡಿರುತ್ತವೆ. ನೀವು ನೋಡಿದ್ದು ಅದನ್ನೇ. ಹಾಗಾಗಿ ಒಂದೇ ಮರಕ್ಕೆ ಜೋತುಬೀಳದೆ, ಹಲವು ವರ್ಷ ಸ್ಥಿರವಾಗಿ ಫಸಲು ಕೊಟ್ಟ ನಡುವಯಸ್ಸಿನ ಐದಾರು ಮರಗಳಿಂದ ಬೀಜ ತೆಗೆಯಿರಿ. ಬೇಕಾದದ್ದಕ್ಕಿಂತ ಹೆಚ್ಚು ಸಸಿ ಮಾಡಿ, ಒಂದೂವರೆ ವರ್ಷದ ಹೊತ್ತಿಗೆ ಐದಕ್ಕಿಂತ ಕಡಿಮೆ ಎಲೆಯಿರುವ, ಸೊರಗಿದ ಸಸಿಗಳನ್ನು ಮುಲಾಜಿಲ್ಲದೆ ಕಿತ್ತು ಹಾಕಿ. ತಾಯಿಮರದ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಮ್ಮ ಬೆಳೆಗಾರರಿಗೆ ಸಸಿ ಕಿತ್ತು ಎಸೆಯುವಾಗ ಮಾತ್ರ ಕೈ ಬರುವುದಿಲ್ಲ. ಆದರೆ ಮಿಯಾಸಿಸ್ ಕಲಸಿ ಕೊಟ್ಟದ್ದರಲ್ಲಿ ಬೇಕಾದದ್ದನ್ನು ಹೆಕ್ಕಿಕೊಳ್ಳಲು ಸಿಗುವ ಅವಕಾಶ ಅಲ್ಲಿಯೇ ಇರುವುದು.

ಅದೇ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನಲ್ಲಿ ಈ ತಾಪತ್ರಯವಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಬಳ್ಳಿಯ ತುಂಡನ್ನು ನೆಟ್ಟಾಗ ನಡುವೆ ಮಿಯಾಸಿಸ್ ಬರುವುದೇ ಇಲ್ಲ. ಕೇರಳದ ಪಣಿಯೂರಿನಲ್ಲಿ ಉತಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ತಳಿಗಳ ಸಂಕರದಿಂದ ಬಂದು 1971ರಲ್ಲಿ ಬಿಡುಗಡೆಯಾದ ಪಣಿಯೂರು-1 ಬಳ್ಳಿಗಳೆಲ್ಲ ಹೀಗೆ ತುಂಡಿನಿಂದ ತುಂಡಿಗೆ ಬಂದವು, ಒಂದರ ಪಡಿಯಚ್ಚು ಇನ್ನೊಂದು. ಒಂದಕ್ಕೆ ತಡೆಯಲಾಗದ ರೋಗ ಎಲ್ಲಕ್ಕೂ ತಡೆಯಲಾಗದ್ದೇ ಆಗಿರುತ್ತದೆ. ಅಡಿಕೆಯ ಬೆರಕೆಯನ್ನು ಬೈಯುವಾಗ ಇದನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ವರ್ಣತಂತುಗಳ ಸಂಖ್ಯೆ ಅರ್ಧವಾಗುವುದಷ್ಟೇ ಉದ್ದೇಶವಾದರೆ ಒಂದು ವಿಭಜನೆ ಸಾಕಿತ್ತು. ಮಿಯಾಸಿಸ್‌ನಲ್ಲಿ ಎರಡು ವಿಭಜನೆ ಯಾಕೆ? ಜೊತೆಗಳ ಹಂಚಿಕೆಯಿಂದಲೇ ಅಷ್ಟೊಂದು ವೈವಿಧ್ಯ ಬರುವುದಾದರೆ ಕ್ರಾಸಿಂಗ್ ಓವರ್ ಬೇರೆ ಯಾಕೆ ಬೇಕು?
(ಪಿಯುಸಿ ವಿದ್ಯಾರ್ಥಿನಿ, ಕಾರವಾರ)

ಉತ್ತರ: ಕೋಶವು ಮಿಯಾಸಿಸ್ ಆರಂಭಿಸುವ ಮೊದಲೇ ತನ್ನ ಡಿಎನ್ಎಯನ್ನು ಒಮ್ಮೆ ನಕಲು ಮಾಡಿಕೊಂಡಿರುತ್ತದೆ. ಆದ್ದರಿಂದ ಮನುಷ್ಯರಲ್ಲಿ 46 ವರ್ಣತಂತುಗಳೂ ಆ ಹೊತ್ತಿಗೆ ಎರಡೆರಡು ಎಳೆಗಳಾಗಿ, ಒಟ್ಟು 92 ಎಳೆಗಳಿರುತ್ತವೆ. ಲಿಂಗಾಣುವಿಗೆ ಬೇಕಾದದ್ದು 23. ತೊಂಬತ್ತೆರಡರಿಂದ ಇಪ್ಪತ್ಮೂರಕ್ಕೆ ಇಳಿಯಲು ಎರಡು ಬಾರಿ ಒಡೆಯಲೇಬೇಕು. ಮೊದಲ ವಿಭಜನೆಯಲ್ಲಿ ಜೊತೆಗಾರ ವರ್ಣತಂತುಗಳು ಬೇರ್ಪಡುತ್ತವೆ, ಎರಡನೆಯದರಲ್ಲಿ ಒಂದೇ ವರ್ಣತಂತುವಿನ ಎರಡು ಎಳೆಗಳು. ಗಂಡಿನಲ್ಲಿ ಇದರಿಂದ ನಾಲ್ಕು ವೀರ್ಯಾಣುಗಳಾಗುತ್ತವೆ. ಹೆಣ್ಣಿನಲ್ಲಿ ಒಂದು ಅಂಡಾಣು ಮಾತ್ರ ದಪ್ಪಗೆ ಉಳಿದು, ಮಿಕ್ಕ ಪಾಲು ಪುಟ್ಟ ಧ್ರುವಕಾಯಗಳಾಗಿ ಕಳೆದುಹೋಗುತ್ತದೆ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯದ್ದು. 23 ಜೊತೆಗಳ ಹಂಚಿಕೆಯೊಂದರಿಂದಲೇ ಒಬ್ಬ ವ್ಯಕ್ತಿ 83,88,608 ಬಗೆಯ ಲಿಂಗಾಣುಗಳನ್ನು ಕೊಡಬಲ್ಲ, ತಂದೆತಾಯಿ ಇಬ್ಬರನ್ನೂ ಸೇರಿಸಿದರೆ ಸುಮಾರು 70 ಲಕ್ಷ ಕೋಟಿ ಸಂಯೋಜನೆಗಳು. ಸಂಖ್ಯೆ ದೊಡ್ಡದಾದರೂ ಇದರಲ್ಲಿ ಒಂದು ಕೊರತೆಯಿದೆ: ಒಂದೇ ವರ್ಣತಂತುವಿನ ಮೇಲಿರುವ ನೂರಾರು ವಂಶವಾಹಿಗಳು ಗಂಟು ಕಟ್ಟಿದಂತೆ ಒಟ್ಟಿಗೇ ಹೋಗಬೇಕಾಗುತ್ತದೆ. ಒಳ್ಳೆಯದು ಕೆಟ್ಟದ್ದರ ಪಕ್ಕದಲ್ಲಿ ಕುಳಿತಿದ್ದರೆ ಎರಡಕ್ಕೂ ಬಿಡುಗಡೆಯಿಲ್ಲ. ಆ ಗಂಟನ್ನು ಬಿಚ್ಚುವುದು ಕ್ರಾಸಿಂಗ್ ಓವರ್. ಒಂದೇ ಯಕ್ಷಗಾನ ಪ್ರಸಂಗದ ಎರಡು ಕೈಬರಹದ ಪ್ರತಿಗಳನ್ನು ಒಂದೇ ಪದ್ಯದ ಬಳಿ ಹರಿದು, ಉತ್ತರಾರ್ಧಗಳನ್ನು ಅದಲುಬದಲು ಮಾಡಿ ಹೊಲಿದರೆ ಎರಡೂ ಪ್ರತಿಗಳಲ್ಲಿ ಕಥೆ ಪೂರ್ತಿಯಾಗಿಯೇ ಇರುತ್ತದೆ, ಪಾಠಭೇದಗಳ ಜೋಡಣೆ ಮಾತ್ರ ಹೊಸದಾಗುತ್ತದೆ. ಜೊತೆಗಾರ ವರ್ಣತಂತುಗಳು ಉದ್ದಕ್ಕೂ ಒಂದಕ್ಕೊಂದು ಹೊಂದಿ ನಿಂತು, ಸರಿಯಾಗಿ ಅದೇ ಜಾಗದಲ್ಲಿ ತುಂಡಾಗಿ ಬದಲಾಯಿಸಿಕೊಳ್ಳುವುದೂ ಹೀಗೆಯೇ; ಜಾಗ ತಪ್ಪಿದರೆ ಒಂದರಲ್ಲಿ ಭಾಗ ಕಡಿಮೆಯಾಗಿ ಇನ್ನೊಂದರಲ್ಲಿ ಹೆಚ್ಚಾಗುತ್ತದೆ. ಈ ವಿನಿಮಯ ಕಣ್ಣಿಗೆ ಕಾಣುವಂತೆ ನಡೆಯುತ್ತದೆ ಎಂಬುದನ್ನು ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ 1931ರಲ್ಲಿ ಮೆಕ್ಕೆಜೋಳದ ವರ್ಣತಂತುಗಳಲ್ಲಿ ತೋರಿಸಿದರು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ, ಅದು ಅಷ್ಟು ಸರಿಯಲ್ಲ. ಕ್ರಾಸಿಂಗ್ ಓವರ್‌ಗೆ ಇನ್ನೊಂದು, ತೀರಾ ಯಾಂತ್ರಿಕವಾದ ಕೆಲಸವಿದೆ. ತುಂಡು ಬದಲಾದ ಜಾಗ, ಅಂದರೆ ಕಯಾಸ್ಮಾ, ಜೊತೆಯ ಎರಡನ್ನೂ ಹಿಡಿದಿಟ್ಟಿರುತ್ತದೆ. ವರ್ಣತಂತುಗಳನ್ನು ಕೋಶದ ಎರಡು ಬದಿಗೆ ಸೆಳೆಯುವ ನೂಲುಗಳು ಎಳೆಯುವಾಗ ಈ ಹಿಡಿತದಿಂದ ಬಿಗಿ ಹುಟ್ಟುತ್ತದೆ, ಆ ಬಿಗಿಯಿಂದಲೇ ಜೊತೆ ಸರಿಯಾಗಿ ನಿಂತಿದೆಯೆಂದು ಕೋಶಕ್ಕೆ ತಿಳಿಯುವುದು. ಹಿಡಿತವಿಲ್ಲದ ಜೊತೆ ಎರಡೂ ಒಂದೇ ಬದಿಗೆ ಜಾರಬಹುದು. ಹೆಣ್ಣುಮಕ್ಕಳ ಅಂಡಾಣುಗಳಾಗುವ ಕೋಶಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಿಯಾಸಿಸ್ ಆರಂಭಿಸಿ, ಈ ಹಿಡಿತದ ಹಂತದಲ್ಲಿ ನಿಂತು, ಮುಂದೆ ಆ ಅಂಡ ಬಿಡುಗಡೆಯಾಗುವ ತಿಂಗಳಿನವರೆಗೆ ಕಾಯುತ್ತವೆ. ಹದಿನೈದು ವರ್ಷವೂ ಆಗಬಹುದು, ನಲವತ್ತು ವರ್ಷವೂ ಆಗಬಹುದು. ಅಷ್ಟು ಕಾಲ ಎಳೆಗಳನ್ನು ಅಂಟಿಸಿಟ್ಟ ಪ್ರೋಟೀನುಗಳು ಸವೆದಂತೆ ಬೇರ್ಪಡೆಯಲ್ಲಿ ದೋಷ ಹೆಚ್ಚುತ್ತದೆ. ತಾಯಿಯ ವಯಸ್ಸು ಏರಿದಂತೆ ಡೌನ್ ಸಿಂಡ್ರೋಮ್‌ನ ಸಂಭವ ಏರುವುದಕ್ಕೆ ಇದೊಂದು ಮುಖ್ಯ ಕಾರಣ. ಆ ಸ್ಥಿತಿಯಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ ಎಂಬುದು 1959ರಲ್ಲಿ ಪ್ರಕಟವಾಯಿತು. ನಿಮ್ಮ ಪರೀಕ್ಷೆಯಲ್ಲಿ ಇದನ್ನು ಕೇಳಲಿಕ್ಕಿಲ್ಲ, ಆದರೂ ವಿಷಯದ ಒಳತಿರುಳು ಇಲ್ಲಿದೆ.

ಪ್ರಶ್ನೆ: ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಎಂಬ ನಾಟಿ ಭತ್ತದ ಬೀಜವನ್ನು ಅಜ್ಜನ ಕಾಲದಿಂದಲೂ ತೆಗೆದಿಟ್ಟು ಬಿತ್ತುತ್ತಿದ್ದೇವೆ, ತಳಿ ಕೆಟ್ಟಿಲ್ಲ. ಹೈಬ್ರಿಡ್ ಬದನೆಯ ಬೀಜ ತೆಗೆದಿಟ್ಟರೆ ಮರುವರ್ಷವೇ ಕಾಯಿ ಒಂದೊಂದು ಒಂದೊಂದು ತರ. ಕಂಪನಿಯವರು ಬೀಜಕ್ಕೆ ಏನಾದರೂ ಸೇರಿಸಿರುತ್ತಾರೆಯೇ?
(ಕೃಷಿಕರು, ಕುಮಟಾ)

ಉತ್ತರ: ಏನೂ ಸೇರಿಸಿರುವುದಿಲ್ಲ. ಭತ್ತದ ಹೂವು ಬಾಯಿ ಬಿಡುವ ಹೊತ್ತಿಗೇ ಅದರ ಪರಾಗ ಅದರ ಮೇಲೆಯೇ ಉದುರುತ್ತದೆ, ಹೊರಗಿನ ಪರಾಗ ಒಳಹೊಕ್ಕುವುದು ಅಪರೂಪ. ಹೀಗೆ ತನ್ನೊಳಗೇ ಕೂಡುವ ಗಿಡದಲ್ಲಿ ಜೊತೆಯ ಎರಡು ವರ್ಣತಂತುಗಳ ನಡುವಿನ ವ್ಯತ್ಯಾಸ ತಲೆಮಾರಿಗೆ ಅರ್ಧದಷ್ಟು ಇಳಿಯುತ್ತ, ಹತ್ತು ತಲೆಮಾರಿನಲ್ಲಿ ಸಾವಿರದಲ್ಲಿ ಒಂದು ಪಾಲಿಗೆ ಬರುತ್ತದೆ. ಭತ್ತದ 12 ಜೊತೆಗಳಲ್ಲೂ ಮಿಯಾಸಿಸ್ ಎಂದಿನಂತೆ ನಡೆಯುತ್ತದೆ, ತುಂಡುಗಳೂ ಬದಲಾಗುತ್ತವೆ. ಆದರೆ ಒಂದೇ ರೀತಿಯ ಎರಡನ್ನು ಎಷ್ಟು ಕಲಸಿದರೂ ಹೊಸದೇನು ಬಂದೀತು? ಹೈಬ್ರಿಡ್ ಬದನೆ ಇದಕ್ಕೆ ತದ್ವಿರುದ್ಧ. ಬೇರೆ ಬೇರೆ ಗುಣದ ಎರಡು ಶುದ್ಧ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆಯ ಗಿಡಗಳೆಲ್ಲ ಒಂದೇ ಥರ ಇರುತ್ತವೆ, ಆದರೆ ಅವುಗಳ ಪ್ರತಿ ಜೊತೆಯಲ್ಲೂ ಇಬ್ಬರು ಅಪರಿಚಿತರು ಅಕ್ಕಪಕ್ಕ ಕುಳಿತಿರುತ್ತಾರೆ. ಆ ಗಿಡ ಹೂ ಬಿಟ್ಟು ಮಿಯಾಸಿಸ್ ನಡೆದೊಡನೆ ಎಲ್ಲ ಚದುರುತ್ತದೆ. ಅಂದ ಹಾಗೆ, ಕಗ್ಗವೂ ಪೂರ್ತಿ ಒಂದೇ ಅಲ್ಲ. ಇಂಥ ನಾಟಿ ತಳಿ ಎಂದರೆ ಒಂದನ್ನೊಂದು ಹೋಲುವ ಹಲವು ಶುದ್ಧ ಸಾಲುಗಳ ಬೆರಕೆ. ಉಪ್ಪುನೀರು ಒಂದು ವರ್ಷ ಹೆಚ್ಚು ಬಂದರೆ ತಾಳುವ ಸಾಲು ಉಳಿದುಕೊಳ್ಳುತ್ತದೆ. ಆದ್ದರಿಂದ ಬೀಜಕ್ಕೆ ಗದ್ದೆಯ ಒಂದೇ ಮೂಲೆಯ ತೆನೆ ತೆಗೆಯದೆ ಎಲ್ಲ ಕಡೆಯಿಂದಲೂ ತೆಗೆಯಿರಿ.

ಪ್ರಶ್ನೆ: ಜೇನಿನ ಗಂಡುನೊಣಕ್ಕೆ ತಂದೆಯೇ ಇಲ್ಲ ಎನ್ನುತ್ತಾರೆ. ನಿಜವೆ?
(ತುಡುವೆ ಜೇನು ಸಾಕುವವರು, ಯಲ್ಲಾಪುರ)

ಉತ್ತರ: ನಿಜ. ರಾಣಿ ಮತ್ತು ಕೆಲಸಗಾರ ನೊಣಗಳಲ್ಲಿ 32 ವರ್ಣತಂತುಗಳಿವೆ, ಗಂಡುನೊಣದಲ್ಲಿ 16 ಮಾತ್ರ. ರಾಣಿ ಕೂಡಾಟದ ಹಾರಾಟದಲ್ಲಿ ಪಡೆದ ವೀರ್ಯವನ್ನು ಹೊಟ್ಟೆಯಲ್ಲಿ ಶೇಖರಿಸಿಟ್ಟು, ಮೊಟ್ಟೆಯಿಡುವಾಗ ಬೇಕೆಂದರೆ ಸೇರಿಸುತ್ತಾಳೆ. ಸೇರಿಸದೆ ಇಟ್ಟ ಮೊಟ್ಟೆ ಗಂಡುನೊಣವಾಗುತ್ತದೆ. ಎರಿಯಲ್ಲಿ ಉಬ್ಬಿದ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತಿರುವ ಕೋಣೆಗಳು ಅವುಗಳದ್ದು. ತಂದೆಯಿಲ್ಲದಿದ್ದರೂ ತಾಯಿಯ ತಂದೆ ಇದ್ದಾನೆ ಎಂಬುದು ಇದರ ತಮಾಷೆ.

ಮೊದಲೇ ಅರ್ಧವಾಗಿರುವುದನ್ನು ಮತ್ತೆ ಅರ್ಧ ಮಾಡಲಾಗದು. ಹಾಗಾಗಿ ಗಂಡುನೊಣದಲ್ಲಿ ಸಂಖ್ಯೆ ಇಳಿಸುವ ವಿಭಜನೆ ನಡೆಯುವುದೇ ಇಲ್ಲ, ಒಂದು ಗಂಡುನೊಣದ ವೀರ್ಯಾಣುಗಳೆಲ್ಲ ಒಂದೇ. ಕಲಸುವ ಕೆಲಸ ಪೂರ್ತಿ ರಾಣಿಯ ಪಾಲಿಗೆ ಬಿದ್ದಿದೆ. ಅದನ್ನು ಆಕೆ ಧಾರಾಳವಾಗಿಯೇ ಮಾಡುತ್ತಾಳೆ: ಜೇನುನೊಣಗಳ ಡಿಎನ್ಎಯಲ್ಲಿ ಕ್ರಾಸಿಂಗ್ ಓವರ್‌ನ ಪ್ರಮಾಣ, ಒಂದೇ ಉದ್ದಕ್ಕೆ ಹೋಲಿಸಿದರೆ, ಮನುಷ್ಯರದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ಹಲವಾರು ಗಂಡುಗಳ ಜೊತೆ ಕೂಡುತ್ತಾಳೆ.

ಸಾಕುವವರಿಗೆ ಇದರಿಂದ ತಿಳಿಯಬೇಕಾದ ಒಂದು ಸಂಗತಿಯಿದೆ. ಹೆಣ್ಣಾಗಲು ಲಿಂಗ ನಿರ್ಧರಿಸುವ ವಂಶವಾಹಿಯ ಎರಡು ಪ್ರತಿಗಳು ಬೇರೆ ಬೇರೆ ಬಗೆಯವಾಗಿರಬೇಕು. ಹತ್ತಿರದ ಸಂಬಂಧದಲ್ಲೇ ಕೂಡಾಟವಾಗಿ ಎರಡೂ ಒಂದೇ ಆದರೆ ಫಲಿತ ಮೊಟ್ಟೆಯೂ ಗಂಡಾಗುತ್ತದೆ, ಅಂಥ ಮರಿಹುಳುವನ್ನು ಕೆಲಸಗಾರ ನೊಣಗಳು ತಿಂದುಬಿಡುತ್ತವೆ. ಸಾಲಾಗಿ ಮುಚ್ಚಿರಬೇಕಾದ ಮರಿ ಕೋಣೆಗಳ ನಡುವೆ ಅಲ್ಲಲ್ಲಿ ಖಾಲಿ ಕೋಣೆಗಳು ಕಂಡರೆ ಮೊದಲು ರೋಗವಿದೆಯೇ ನೋಡಿ. ಇಲ್ಲವಾದರೆ ದೂರದ ಊರಿನ ಒಂದೆರಡು ಕುಟುಂಬಗಳನ್ನು ತಂದು ಪೆಟ್ಟಿಗೆಗಳ ಪಕ್ಕದಲ್ಲಿಡಿ. ಮುಂದೆ ಹುಟ್ಟುವ ರಾಣಿಗಳಿಗೆ ಹೊರಗಿನ ಗಂಡುಗಳು ಸಿಗುವಂತಾದರೆ ಸಾಕು.