‘ಯುಗಾದಿ’ ಕವಿತೆಯಲ್ಲಿ ಸಾವು ಎಲ್ಲಿದೆ?

ನಮಸ್ಕಾರ. ಬೇಂದ್ರೆಯವರ ‘ಯುಗಾದಿ’ ಹಬ್ಬದ ಹಾಡಲ್ವಾ, ಅದರಲ್ಲಿ ಸಾವಿನ ಮಾತು ಎಲ್ಲಿ ಬಂತು ಅಂತ ಕೇಳಿದ್ದೀರಿ. ಬಹಳ ಜನ ಮೊದಲ ನುಡಿಗಳನ್ನಷ್ಟೇ ಹಾಡಿ ನಿಲ್ಲಿಸುತ್ತಾರೆ. ದಯವಿಟ್ಟು ಮುಂದಕ್ಕೆ ಓದಿ. ಹೊಂಗೆ ಹೂವು, ದುಂಬಿಯ ಹಾಡು, ಬೇವಿನ ಕಂಪು ಎಲ್ಲ ಬಂದ ಮೇಲೆ ಕವಿಗೆ ಸಂಕಟ ಶುರುವಾಗುತ್ತದೆ. ನಮಗೆ ಮಾತ್ರ ಯಾಕೆ ಒಂದೇ ಬಾಲ್ಯ, ಒಂದೇ ಹರೆಯ? ದಿನಾ ಮಲಗಿದಾಗ ಸತ್ತು, ಎದ್ದಾಗ ಹೊಸದಾಗಿ ಹುಟ್ಟುವ ಭಾಗ್ಯ ನಮಗೆ ಯಾಕಿಲ್ಲ?

ಬಾಡಿದ ಹೂವು ತೋರಿಸಿ ಸಾವು ಹೇಳುವುದು ಸುಲಭ. ಇಲ್ಲಿ ಅರಳಿದ ಹೂವೇ ಆ ಕೆಲಸ ಮಾಡುತ್ತದೆ. ನನಗೆ ಅದೇ ಜಾಸ್ತಿ ನೋವು ಕೊಡುವುದು. ನೀವು ಮಂಡ್ಯದ ಕಡೆಯವರು ಅಂದಿರಿ, ಗದ್ದೆ ಬದುವಿನ ಹೊಂಗೆ ನೋಡಿಯೇ ಇರುತ್ತೀರಿ. ಗೊಬ್ಬರಕ್ಕೆ ಅಂತ ಸೊಪ್ಪು ಕಡಿದರೂ ಮತ್ತೆ ಚಿಗುರುತ್ತದೆ. ಅದನ್ನು ನೆಟ್ಟ ತಾತ ಮತ್ತೆ ಬರುವುದಿಲ್ಲ.

ಇದರ ಜೊತೆಗೆ ಬೇಂದ್ರೆಯವರದೇ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ. ಅಲ್ಲಿ ಕಾಲ ಸುತ್ತಿ ಬರುವ ಋತುವಲ್ಲ, ರಾಜ್ಯ ಸಾಮ್ರಾಜ್ಯಗಳನ್ನೂ ದಾಟಿ ಹಾರುವ ಹಕ್ಕಿ. ಎರಡನ್ನೂ ಜೋರಾಗಿ ಓದಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.