ಕ್ಯಾಂಪಿನ ಗೆಳೆಯ ಯಾವ ದೇಶದವನು?

ಸಿಂಧನೂರಿನ ಓದುಗರೊಬ್ಬರು ಬರೆಯುತ್ತಾರೆ: "ನನ್ನ ಗೆಳೆಯ ಆರ್‌ಎಚ್ ಕ್ಯಾಂಪಿನವನು, ಅಂದರೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳನ್ನು ಸರ್ಕಾರ ನೆಲೆಗೊಳಿಸಿದ ಊರಿನವನು. 1978ರಲ್ಲಿ ಸಿಂಧನೂರಲ್ಲೇ ಹುಟ್ಟಿದವನು. ಇಬ್ಬರೂ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದೆವು. ಆಧಾರ್, ರೇಷನ್ ಕಾರ್ಡು, ಓಟರ್ ಐಡಿ, 371ಜೆ ಸರ್ಟಿಫಿಕೇಟು ಎಲ್ಲ ಅವನ ಹತ್ತಿರ ಇವೆ. ಮೊನ್ನೆ ಒಂದು ಕಚೇರಿಯಲ್ಲಿ, ಇವು ಯಾವೂ ಪೌರತ್ವದ ದಾಖಲೆ ಅಲ್ಲ ಅಂದರಂತೆ. ಹಾಗಾದರೆ ಅವನು ಯಾವ ದೇಶದವನು? ಇಷ್ಟು ವರ್ಷ ಇಲ್ಲಿ ಬೆವರು ಸುರಿಸಿದವರು ಪೌರತ್ವ ಗಳಿಸಿದಂತೆ ಅಲ್ಲವೇ?"

ನಿಮ್ಮ ಗೆಳೆಯ ಭಾರತದ ಪ್ರಜೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಅವರಿಗೂ ತಿಳಿಸಿ. 1955ರ ಪೌರತ್ವ ಕಾಯ್ದೆಯ 3ನೇ ಕಲಮಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಹಿಂದಿನ ದಿನದವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ರಾಯಭಾರಿಗಳ ಮಕ್ಕಳಂಥ ಒಂದೆರಡು ಅಪವಾದ ಇವೆ, ಅಷ್ಟೇ. ಅಪ್ಪ ಅಮ್ಮ ಎಲ್ಲಿಂದ ಬಂದರು ಅಂತ ಆ ಕಾಲದಲ್ಲಿ ಹುಟ್ಟಿದವರಿಗೆ ಕಾನೂನು ಕೇಳುವುದಿಲ್ಲ.

ಕಚೇರಿಯವರು ಕಾರ್ಡುಗಳ ಬಗ್ಗೆ ಹೇಳಿದ್ದು ಮಾತ್ರ ತಪ್ಪಲ್ಲ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. 371ಜೆ ಪತ್ರ ನೀವು ಕಲ್ಯಾಣ ಕರ್ನಾಟಕದವರು ಅನ್ನುತ್ತದೆ, ಅದರಾಚೆಗೆ ಏನೂ ಹೇಳುವುದಿಲ್ಲ. ಓಟರ್ ಐಡಿಗೆ ಸ್ವಲ್ಪ ಜಾಸ್ತಿ ತೂಕ ಇದೆ, ಏಕೆಂದರೆ ಪ್ರಜೆಗಳಿಗೆ ಮಾತ್ರ ಮತ ಹಾಕುವ ಹಕ್ಕು. ಒಮ್ಮೆ ಪಟ್ಟಿಗೆ ಸೇರಿದವರನ್ನು ನೋಟಿಸು ಕೊಡದೆ, ಅವರ ಮಾತು ಕೇಳದೆ ಸುಮ್ನೆ ತೆಗೆದುಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಆದರೂ ನಿಮ್ಮ ಗೆಳೆಯರಿಗೆ ಮುಖ್ಯವಾದ ಕಾಗದ ಬೇರೆ. ಸಿಂಧನೂರಲ್ಲಿ ಹುಟ್ಟಿದ್ದಕ್ಕೆ ಜನನ ಪ್ರಮಾಣಪತ್ರ.

ಕಷ್ಟ ಇರುವುದು ಅವರ ಮನೆಯ ಉಳಿದವರಿಗೆ. ಅವರಿಗೊಬ್ಬ ತಂಗಿ ಇದ್ದಾರೆ, ಹುಟ್ಟಿದ್ದು 1989ರಲ್ಲಿ ಅಂದುಕೊಳ್ಳಿ. ಆಗ ಕಾನೂನು ಬದಲಾಗಿತ್ತು. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಅಷ್ಟು ಹೊತ್ತಿಗೆ ಭಾರತದ ಪ್ರಜೆ ಆಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿಗೆ ಇನ್ನೂ ಬಿಗಿ: ಒಬ್ಬರು ಪ್ರಜೆ ಆಗಿದ್ದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗ ಆಗಿರಬಾರದು. ಒಂದೇ ಮನೆ, ಒಂದೇ ಒಲೆ, ಒಂದೇ ಅಂಗಳದಲ್ಲಿ ಆಡಿದ ಮಕ್ಕಳು. ಅಣ್ಣನಿಗೆ ಹುಟ್ಟಿದ ಊರು ಸಾಕು, ತಂಗಿ ಮಾತ್ರ ಅಪ್ಪನ ಕಾಗದ ತೋರಿಸಬೇಕು. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಗಡಿಯಾಚೆ ಹುಟ್ಟಿ, ತಾಯಿಯ ಕಂಕುಳಲ್ಲಿ ಬಂದವರ ದಾರಿ ಬೇರೆ. ಅವರು ಅರ್ಜಿ ಹಾಕಬೇಕು. ಪೌರತ್ವ ಕಾಯ್ದೆಯ 2019ರ ತಿದ್ದುಪಡಿಯ (ಸಿಎಎ) ನಿಯಮಗಳು 2024ರ ಮಾರ್ಚ್‌ನಲ್ಲಿ ಬಂದ ಮೇಲೆ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪತ್ರ ಸಿಕ್ಕಿತು. ನನಗೆ ಸಂತೋಷವಾಯಿತು. ಆದರೆ ಆ ಕಾನೂನು ಮೂರು ದೇಶ ಮತ್ತು ಆರು ಧರ್ಮಗಳ ಹೆಸರು ಹೇಳಿ ಅಲ್ಲಿಗೇ ನಿಲ್ಲುತ್ತದೆ. ಶ್ರೀಲಂಕಾದಿಂದ ಓಡಿಬಂದ ತಮಿಳರಿಗೆ ಅದರಲ್ಲಿ ಜಾಗವಿಲ್ಲ. ಮುಸ್ಲಿಮರಿಗೂ ಇಲ್ಲ.

ನಮ್ಮ ಕಡೆ ಕ್ಯಾಂಪು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಗದ್ದೆ ಮಾಡಿದರು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಅವರ ಊರುಗಳೂ ಕ್ಯಾಂಪೇ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳನ್ನು ಸರ್ಕಾರವೇ ನೆಲೆಗೊಳಿಸಿದ ಊರೂ ಕ್ಯಾಂಪೇ. ಇಬ್ಬರೂ ಹೊರಗಿನಿಂದ ಬಂದವರು, ಇಬ್ಬರೂ ಅದೇ ಕಾಲುವೆ ನೀರಲ್ಲಿ ಭತ್ತ ನೆಟ್ಟವರು. ಆಂಧ್ರದವರನ್ನು ಮಾತ್ರ ಯಾರೂ ಕಾಗದ ಕೇಳಲಿಲ್ಲ. ಬೆವರಿನ ಲೆಕ್ಕ ಹಿಡಿದರೆ ಇಬ್ಬರಿಗೂ ಸಮ ಅಲ್ವಾ?

ಆದರೆ "ಗಳಿಸುವುದು" ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ನೀವು, ನಾನು ಪೌರತ್ವವನ್ನು ದುಡಿದು ಗಳಿಸಿದೆವೇ? ನಮ್ಮ ಅಜ್ಜಂದಿರು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಪ್ರಜೆಗಳು. ಸಂವಿಧಾನದ ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ರಾಯಚೂರಿನ ಹೊಲದಲ್ಲಿ ಅವತ್ತು ಜೋಳ ಕಾಯುತ್ತಿದ್ದವನು ಯಾವ ಅರ್ಜಿಯನ್ನೂ ಹಾಕಲಿಲ್ಲ, ಯಾವ ಕಚೇರಿಗೂ ಅಲೆಯಲಿಲ್ಲ. ಅವನನ್ನು ಕರೆಯುತ್ತಿದ್ದ "ಪ್ರಜೆ" ಅನ್ನುವ ಪದವೂ ಬದಲಾಗಲಿಲ್ಲ. ಮೊದಲು ಅದರ ಅರ್ಥ ದೊರೆಯ ಕೆಳಗಿನವನು, ಆಮೇಲೆ ದೊರೆಯನ್ನೇ ಆರಿಸುವವನು. ನಮಗೆ ಇಷ್ಟು ಸುಲಭವಾಗಿ ಬಂದದ್ದನ್ನು ಬೇರೆಯವರು ದುಡಿದು ತೋರಿಸಲಿ ಅನ್ನುವುದು ಸರಿಯೇ? ದುಡಿಯಲಾರದ ಮುದುಕಿಗೂ ಒಂದು ದೇಶ ಬೇಕಲ್ಲವೇ?

ದೇಶವೇ ಇಲ್ಲದಂತೆ ಆಗುವುದಕ್ಕೆ ಊರು ಬಿಡಬೇಕಾಗಿಯೂ ಇಲ್ಲ. ಸಿಲೋನಿನ (ಈಗಿನ ಶ್ರೀಲಂಕಾ) ಚಹಾ ತೋಟಗಳಲ್ಲಿ ತಲೆಮಾರುಗಳಿಂದ ಎಲೆ ಕೀಳುತ್ತಿದ್ದ ತಮಿಳರು 1948ರ ಒಂದು ಕಾನೂನಿನಿಂದ ಕೂತಲ್ಲೇ ಪರದೇಶಿಗಳಾದರು. ಭಾರತವೂ ಅವರನ್ನು ತನ್ನವರು ಅನ್ನಲಿಲ್ಲ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಒಪ್ಪಂದ ಮಾಡಿಕೊಂಡು ಜನರನ್ನು ಹಂಚಿಕೊಂಡರು: ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ ಒಂದೂವರೆ ಲಕ್ಷ ಜನರ ವಿಷಯ ಆಮೇಲೆ ನೋಡೋಣ ಅಂದರು. ಆ "ಆಮೇಲೆ" ಬಂದದ್ದು 1974ಕ್ಕೆ. ಆಗಲೂ ಅರ್ಧ ಅರ್ಧ. ಹತ್ತು ವರ್ಷದಲ್ಲಿ ಅವರ ಮನೆಗಳಲ್ಲಿ ಎಷ್ಟು ಮದುವೆ ಆಗಿರುತ್ತವೆ, ಎಷ್ಟು ಮಕ್ಕಳು ಹುಟ್ಟಿರುತ್ತಾರೆ! ಆ ಮಕ್ಕಳನ್ನು ಯಾವ ದೇಶದ ಲೆಕ್ಕಕ್ಕೆ ಬರೆಯುವುದು? ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯತೆಯ ಹಕ್ಕು ಇದೆ ಎಂದು ವಿಶ್ವಸಂಸ್ಥೆ ಸಾರಿದ್ದು ಕೂಡ ಅದೇ 1948ರಲ್ಲಿ.

ಕೆಲವು ವರ್ಷದ ಹಿಂದೆ ನಾನು ಒಂದು ಕ್ಯಾಂಪಿಗೆ ಹೋಗಿದ್ದೆ. ಒಬ್ಬ ಅಜ್ಜಿ ತಗಡಿನ ಟ್ರಂಕಿನಿಂದ ಸೀರೆಗಳ ಅಡಿ ಇದ್ದ ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ನಾಲ್ಕು ಮಡಿಕೆಯ ಒಂದು ಹಳದಿ ಚೀಟಿ, ಗಡಿ ದಾಟಿದಾಗ ಕೊಟ್ಟಿದ್ದು. ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ತೂತು ಬಿದ್ದಿತ್ತು. ಗಂಡನ ಹೆಸರಿನ ನಡುವಿನ ಅಕ್ಷರ ಆ ತೂತಿನಲ್ಲಿ ಹೋಗಿಬಿಟ್ಟಿತ್ತು. ನಾನು ಕೈ ಚಾಚಿದರೆ ಕೊಡಲಿಲ್ಲ. "ಅಲ್ಲಿಂದ್ಲೇ ನೋಡ್ರಿ" ಅಂದರು.

ನಿಮ್ಮ ಗೆಳೆಯರಿಗೆ ಹೇಳಿ: ಜನನ ನೋಂದಣಿ ಆಗಿದೆಯೋ ಇಲ್ಲವೋ ಮೊದಲು ನೋಡಲಿ. ಆಗಿರದಿದ್ದರೆ ಗಾಬರಿ ಬೇಡ. ಒಂದು ವರ್ಷ ಮೀರಿದ ನೋಂದಣಿಗೆ ಈಗ ಕೋರ್ಟಿಗೆ ಹೋಗಬೇಕಿಲ್ಲ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ ಡಿಸಿ, ಎಸಿ ಹಂತದಲ್ಲೇ ಆದೇಶ ಆಗುತ್ತದೆ. ಶಾಲೆಯ ದಾಖಲಾತಿ ಪುಸ್ತಕದ ನಕಲು ತೆಗೆಸಲಿ, ಅದರಲ್ಲಿ ಹುಟ್ಟಿದ ತಾರೀಖು ಇರುತ್ತದೆ. ಅಪ್ಪನ ಜಮೀನಿನ ಪಟ್ಟಾ, ನಿರಾಶ್ರಿತರ ಚೀಟಿ ಮನೆಯಲ್ಲಿದ್ದರೆ ಈ ವಾರವೇ ಜೆರಾಕ್ಸ್ ಮಾಡಿಸಿ ಮೂರು ಕಡೆ ಇಡಲಿ. ತಂಗಿ ಇದ್ದರೆ ಅವರಿಗೂ ಒಂದು ಪ್ರತಿ ಕೊಡಲಿ, ನಾಳೆ ಅವರಿಗೇ ಅದು ಹೆಚ್ಚು ಬೇಕಾಗುತ್ತದೆ. ಮೂಲ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಹಳೇ ಕಾಗದ ಆ ಬಿಸಿ ತಡೆಯುವುದಿಲ್ಲ.